ಫಲಿತಾಂಶ: ಶಾಲೆ ಬಿಟ್ಟಿತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹಾರಗಳ ಭಾರಕ್ಕೆ ಕತ್ತು ಬಾಗಿಸಿ ಕೂತಿರುವ ಸನ್ಮಾನಿತರಾದ ಬಾಕ್ಸಿಂಗ್ ಇತಿಹಾಸಕಾರ ಶ್ರೀ ಜಂಬುಲಿಂಗಪ್ಪನವರೇ, ಮುಂದಿನ ಸಾಲಿನಲ್ಲಿರುವ ಚಳ್ಳಕೆರೆಯ ಗ್ಯಾರೇಜಿನ ಮೌಲಾ ಸಾಬರೇ, ಗಂಡನ ಒಂದು ಮಾತನ್ನು ನಲವತ್ತು ವರ್ಷಗಳಿಂದ ನಂಬದೆ ಅವರ ಪಕ್ಕದಲ್ಲೇ ಕೂತಿರುವ ರಜಿಯಾ ಬೇಗಂ ಅವರೇ, ಊಟದ ವಾಸನೆಗೆ ಆಗಲೇ ಹಿಂದೆ ತಿರುಗಿರುವ ಸಭಿಕರೇ,

ನಾನು ಮೊಳಕಾಲ್ಮೂರಿನ ನಿವೃತ್ತ ಡ್ರಿಲ್ ಮೇಷ್ಟ್ರು. ಹೆಸರು ಕಾಟಪ್ಪ. ಹೆಸರು ನನ್ನದಾದರೂ ಕಾಟ ಕೊಟ್ಟವರು ಸನ್ಮಾನಿತರು.

ಈ ಎರಡು ತಾಲ್ಲೂಕುಗಳಲ್ಲಿ ಇದುವರೆಗೆ ನಡೆದಿರುವುದು ಎಷ್ಟು ಬಾಕ್ಸಿಂಗ್ ಪಂದ್ಯ? ಒಂದು. ಅದರ ಮೇಲೆ ಇವರು ಬರೆದಿರುವುದು ಎಷ್ಟು ಪುಟ? ಮುನ್ನೂರ ಹನ್ನೆರಡು. ಯಾರಾದರೂ ಅದನ್ನು ಕುಸ್ತಿ ಅಂದರೆ ಬಸ್ಸಿನಿಂದ ಇಳಿಸಿಕೊಂಡು ವ್ಯತ್ಯಾಸ ವಿವರಿಸುತ್ತಾರೆ. ಇಷ್ಟಾದರೂ ಸಂಘದವರು ಇವತ್ತು ಅವರ ಕೈಗೆ ಕೊಟ್ಟಿರುವುದು ಗದೆ.

ಆ ಪಂದ್ಯ ನಡೆದದ್ದು ನಮ್ಮ ಶಾಲೆಯ ಮೈದಾನದಲ್ಲಿ. ಚಳ್ಳಕೆರೆಯಿಂದ ಮೌಲಾ ಸಾಬರು, ಮೊಳಕಾಲ್ಮೂರಿನಿಂದ ನನ್ನ ತಮ್ಮ ಓಬಯ್ಯ. ಹೆಡ್‌ಮಾಸ್ಟರೇ ರೆಫರಿ. ಬೇವಿನ ಮರಕ್ಕೆ ಕಟ್ಟಿದ ರೈಲು ಕಂಬಿಯೇ ಬೆಲ್ಲು. ಸುತ್ತು ಮುಗಿದರೆ ಒಂದು ಟಣ್ ಹೊಡೆಯಬೇಕಾದವನು ನಾನು. ಮೂರನೇ ಸುತ್ತಿನಲ್ಲಿ ನಾನು ಹೊಡೆದದ್ದು ಲಾಂಗ್ ಬೆಲ್. ಲಾಂಗ್ ಬೆಲ್ ಅಂದರೆ ಏನು? ಮನೆಗೆ ಹೋಗುವುದು. ಮಕ್ಕಳು ಚೀಲ ಹಿಡಿದು ಗೇಟಿನ ಕಡೆ ಓಡಿದರು. ಬಿದ್ದಿದ್ದ ನನ್ನ ತಮ್ಮ ಹತ್ತರೊಳಗೆ ಏಳದಿದ್ದರೆ ಸೋಲು ಅಂತ ಎಣಿಸುತ್ತಿದ್ದ ಹೆಡ್‌ಮಾಸ್ಟರು ಆರಕ್ಕೇ ನಿಲ್ಲಿಸಿ, ಕೊಡೆ ತಗೊಂಡು ಆಫೀಸಿಗೆ ಬೀಗ ಹಾಕಲು ಹೋದರು. ಮೌಲಾ ಸಾಬರು ಗ್ಲೌಸಿನ ಕೈಯಲ್ಲೇ ಚಳ್ಳಕೆರೆ ಬಸ್ಸು ಹತ್ತಿದರು.

ಅಂದಿನಿಂದ ಜಂಬುಲಿಂಗಪ್ಪನವರು ತಳಕಿನಿಂದ ನಮ್ಮ ಮನೆಗೆ ಹದಿನೇಳು ಸಲ ಬಂದಿದ್ದಾರೆ. ಬಾಗಿಲಲ್ಲಿ ಅವರ ಸೈಕಲ್ ಕಂಡರೆ ನಮ್ಮ ಮನೆಯಾಕೆ ಸೂರಮ್ಮ, "ಬಂದ್ರು ನೋಡ್ರಿ ನಿಮ್ ಬೆಲ್ಲಿನ ಸಾಹೇಬ್ರು. ಟೀ ಇಡ್ಲಾ, ಇಲ್ಲ ಮನೆಯಾಗಿಲ್ಲ ಅನ್ಲಾ?" ಅನ್ನುತ್ತಾಳೆ.

"ಮೇಷ್ಟ್ರೇ, ಬೆಲ್ಲು ಟೈಮಿಗೆ ಆಯ್ತೋ, ಮುಂಚೆ ಆಯ್ತೋ?"

"ಟೈಮಿಗೇ ಆಯ್ತು ಕಣ್ರೀ."

"ವಾಚು ಎಡಗೈಗಿತ್ತೋ, ಬಲಗೈಗೋ?"

ಇಂಥವರನ್ನು ಏನು ಮಾಡುವುದು, ನೀವೇ ಹೇಳಿ.

ಒಮ್ಮೆ ಅವರ ಜೊತೆ ಮೌಲಾ ಸಾಬರೂ ಬಂದಿದ್ದರು. "ಗೆದ್ದಿದ್ದು ನಾನೇ ಅಂತ ರಜಿಯಾನೇ ನಂಬಲ್ಲ ಸಾರ್. ಗೆದ್ದೋರು ಬಸ್ ಹತ್ತಿ ಓಡಿ ಬರ್ತಾರಾ ಅಂತಾಳೆ. ಬುಕ್ಕಿನಾಗೆ ಹಾಕ್ರಿ, ತೋರಿಸ್ತೀನಿ" ಅಂದರು. ಇವರು ಹಾಕಿದರೇ? ಆಧಾರ ಬೇಕಂತೆ. ಇವತ್ತು ಬಿಡುಗಡೆಯಾದ ಪುಸ್ತಕದ ಇನ್ನೂರ ತೊಂಬತ್ತೇಳನೇ ಪುಟ ನೋಡಿ: "ಫಲಿತಾಂಶ: ಶಾಲೆ ಬಿಟ್ಟಿತು." ಒಬ್ಬ ಮನುಷ್ಯ ನಲವತ್ತು ವರ್ಷ ಕಾದದ್ದು ಈ ಎರಡು ಪದಕ್ಕೆ.

ಅತ್ತ ದೇವಸಮುದ್ರದಲ್ಲಿ ಕುರಿ ಸಾಕಿಕೊಂಡಿರುವ ನನ್ನ ತಮ್ಮ, "ಆರಕ್ಕೆ ಬೆಲ್ ಆಯ್ತು ಕಣ್ಲೇ, ಏಳಕ್ಕೆ ಏಳ್ತಿದ್ದೆ" ಅಂತ ಈಗಲೂ ಹೇಳಿಕೊಂಡು ತಿರುಗುತ್ತಾನೆ. ಅವನು ಏಳುತ್ತಿದ್ದನೇ? ನೀರು ತಂದವನು ನಾನು. ಮಕ್ಕಳೆಲ್ಲ ಗೇಟು ದಾಟಿದ ಮೇಲೆ, ಎರಡನೇ ಚೊಂಬು ಮುಖಕ್ಕೆ ಹಾಕಿದಾಗ ಕಣ್ಣು ಬಿಟ್ಟ. "ಅಣ್ಣಾ, ಎಷ್ಟೊತ್ತು ಬಿದ್ದಿದ್ದೆ?" ಅಂದ. "ಈಗ್ತಾನೆ ಬಿದ್ದೆ ಕಣೋ" ಅಂದೆ.

ನಾನು ಇಲ್ಲಿಗೆ ಬಂದದ್ದು ಎರಡು ಹಿತನುಡಿ ಆಡಲು. ಅದು ಎಲ್ಲಿಗೋ ಬಂತು. ಇರಲಿ.

ಸುತ್ತು ಮುಗಿಯಲು ಇನ್ನೂ ಒಂದೂವರೆ ನಿಮಿಷವಿತ್ತು. ತಮ್ಮ ಬೋರಲು ಬಿದ್ದಿದ್ದ. ಒಂದು ಟಣ್ ಹೊಡೆದು ಸುತ್ತು ಮುಗಿಸಿ ಅವನನ್ನು ಉಳಿಸೋಣ ಅಂತ ಹೋದವನು ಗಾಬರಿಯಲ್ಲಿ ಬಾರಿಸುತ್ತಲೇ ಇದ್ದೆ. ರಜಿಯಾ ಬೇಗಂ ಅವರೇ, ನಿಮ್ಮ ಯಜಮಾನರು ಹೇಳಿದ್ದು ನಿಜ. ಗೆದ್ದವರು ಅವರೇ. ಅದನ್ನು ರೆಫರಿ ಸಾರುವ ಮೊದಲೇ ನಾನು ಶಾಲೆ ಬಿಡಿಸಿದೆ.

ಜಂಬುಲಿಂಗಪ್ಪನವರೇ, ಆಧಾರ ಸಿಕ್ಕಿತಲ್ಲ, ಬರೆದುಕೊಳ್ಳಿ. ಕೈ ಯಾಕೆ ಎತ್ತುತ್ತಿದ್ದೀರಿ? ಎಡಗೈ ರೀ. ವಾಚು ಎಡಗೈಗಿತ್ತು.

ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮಗೆಲ್ಲ ಕೃತಜ್ಞತೆಗಳು. ದೇವಸಮುದ್ರದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಓಬಯ್ಯನಿಗೆ ಫೋನು ಮಾಡಬೇಡಿ. ಈಗ ಬಸ್ಸು ಹಿಡಿಯುತ್ತೇನೆ, ನಾನೇ ಹೋಗಿ ಹೇಳುತ್ತೇನೆ. ನಮಸ್ಕಾರ.