ಒಲ್ಲೆನೆಂದ ಬಂದೂಕು

ಅನಗೋಳದ ಬಡಗಿ ಈರಣ್ಣನ ಛಪ್ಪರದಲ್ಲಿ ಆ ಸಂಜೆ ನಾವು ನಾಲ್ಕೈದು ಮಂದಿ ಮಳೆಗೆ ಸಿಕ್ಕಿಕೊಂಡಿದ್ದೆವು. ಹೊರಗೆ ಓಣಿ ಹಳ್ಳವಾಗಿ ಹರಿಯುತ್ತಿತ್ತು. ಮೂಲೆಗೆ ಆನಿಸಿದ್ದ ಉದ್ದನೆಯ ಗೋಣಿಗಂಟು ಏನೆಂದು ಯಾರೋ ಕೇಳಿದರು. ಖಾನಾಪುರದ ಬಂಗಲೆಯೊಂದರಿಂದ ಬಂದ ಹಳೆಯ ಶಿಕಾರಿ ಬಂದೂಕು, ಹಿಂಬದಿಯ ಕಟ್ಟಿಗೆ ಬಿರಿದಿತ್ತು, ನಿನ್ನೆ ಅಂಟಿಸಿದೆ, ಹೊಸ ಧಣಿಗೆ ಗೋಡೆಗೆ ತೂಗುಹಾಕಲು ಬೇಕಂತೆ ಎಂದ ಈರಣ್ಣ. ಒಲೆಯ ಪಕ್ಕದಲ್ಲಿದ್ದ ಅವನ ಅಜ್ಜಿ ಭರಮವ್ವ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಬೋಲ್ಟಿನ ಹಿಂದ, ಕೊರಳಿನ್ಯಾಗ ಬಿರದಿತ್ತೇನ?"

"ಹೌದ ಆಯಿ. ನಿನಗ ಹೆಂಗ ಗೊತ್ತು?"

"ಕುಂದರ್ರಿ ಎಲ್ಲಾರೂ. ಮಳಿ ನಿಂದ್ರೂತನಕ ಎಲ್ಲಿಗೆ ಹೊಕ್ಕೀರಿ?

"ಬೆಳಗಾಂವದಾಗ ಕಾಂಗ್ರೆಸ್ ಕೂಡಿತ್ತಲ್ಲ, ಅದರ ಮರುವರ್ಷ. ಮಿರಗದ ಮಳಿ ಈಗಷ್ಟ ಹಿಡದಿತ್ತು. ಈರಣ್ಣನ ಅಜ್ಜ, ಅಂದ್ರ ನಮ್ಮ ಮನಿಯವರು, ಬಂದೂಕು ರಿಪೇರಿ ಮಾಡತಿದ್ರು. ಒಬ್ಬ ಶಿಕಾರಿ ಸಾಹೇಬನ ಪಟ್ಟೇವಾಲಾ ಈ ಬಂದೂಕು ತಂದು ಮುಂದ ಒಗದ. ಕಟ್ಟಿಗಿ ಬಿರದೈತಿ, ಗುಂಡು ಏರಸೂ ಬೋಲ್ಟಿನ ಹಿಡಿಕಿ ಸೊಟ್ಟಾಗೈತಿ. 'ಚಕ್ಕಡಿಯಿಂದ ಬಿದ್ದೈತಿ. ಮಾಮಲೇದಾರರ ಚೌಕಶಿ ಬರೂದ್ರಾಗ ಹೊಸಾದ್ರಂಗ ಆಗಬೇಕು. ಕಟ್ಟಿಗಿ ಬದಲಿ ಮಾಡಿದ್ರ ಹಳೇದು ಸುಟ್ಟ ಬಿಡು' ಅಂದ. ರಿಪೇರಿಗೆ ಬಂದಾವ ಸುಡು ಅಂತ ಯಾಕ ಅಂತಾನ್ರಿ?...

"ಇವರು ಬೋಲ್ಟ್ ಜಗ್ಗಿ ತಗದು, ಕಾವು ಒಳಗ ಹೋಗಿ ಉಕ್ಕಿನ ಹದಾ ಕೆಡಬಾರದಂತ ಅದರ ಮೈಗೆ ಹಸಿ ಅರಬಿ ಸುತ್ತಿ, ಹಿಡಿಕಿ ಅಷ್ಟ ಕಾಸಿ ನೆಟ್ಟಗ ಮಾಡಿದ್ರು. ಆಮ್ಯಾಲ ಕಟ್ಟಿಗಿ ಹೊಳ್ಳಿಸಿ ನೋಡಿದ್ರು. ನೋಡಿದ್ರು... ನನ್ನ ಕರದ್ರು. 'ಇದು ಬಿದ್ದದ್ದಲ್ಲ. ಬಿದ್ರ ಒಂದ ಮೂಲಿ ಜಜ್ಜತೈತಿ. ಇದನ್ನ ನಳಗಿ ಹಿಡದು, ತಿರುವಿ ಬಡದಾರ.' ಬಿರಕಿನ್ಯಾಗ ಚಿಮಟಾ ಹಾಕಿ ಎಳದ್ರು. ಕೂದಲಾ. ಮನಷ್ಯಾನ ಕೂದಲಾ.

"ಆದ್ರೂ ಅಂಟು ಕುದಿಸಿ ಹಚ್ಚಿ, ಹಿತ್ತಾಳಿ ಮೊಳಿ ಬಡದು, ಬಿಗದಿಟ್ರು. ಮುಂಜಾನೆ ನೋಡಿದ್ರ ಬಿರದಿತ್ತು. ಮಳಿಗಾಲದಾಗ ಅಂಟು ಒಣಗೂದಿಲ್ಲ ಅಂತ ಒಲಿ ಮ್ಯಾಲ ತೂಗಬಿಟ್ರು. ಒಣಗಿತು, ಖರೇ, ಮತ್ತ ಬಿರೀತು. ಮೊಳಿ ಸೊಟ್ಟಾಗಿ ನೆಲಕ್ಕ ಬಿದ್ದಿತ್ತು. ಹಿತ್ತಾಳಿ ಮೊಳಿ ಸೊಟ್ಟ ಮಾಡೂದು ಮಳೀನಾ?

"ಅವತ್ತ ಜಾಂಬೋಟಿ ಕಡಿಯಿಂದ ಸಂಗವ್ವ ಅನ್ನಾಕಿ ನಡಕೋತ ಬಂದ್ಲು. ಬಂದೂಕು ಇಲ್ಲೈತಿ, ಹಳೇ ಕಟ್ಟಿಗಿ ಸುಡಸತಾರ ಅಂತ ಚಕ್ಕಡಿ ಹೊಡಿಯಾವ ಹೇಳಿದ್ನಂತ. ಆಕಿ ಗಂಡನ್ನ ಹಾಕಾಕ್ಕ ಹಿಡಕೊಂಡ ಹೋಗಿದ್ರು, ಅಂದ್ರ ಡಬ್ಬಿ ಬಡಕೋತ ಬ್ಯಾಟಿ ಎಬ್ಬಸೂ ಬಿಟ್ಟಿ ಚಾಕ್ರಿ. ಗುಂಡು ತಿಂದ ಕಾಡಕೋಣ ಪೊದಿ ಹೊಕ್ಕಿತು. 'ಒಳಗ ಹೋಗು' ಅಂದ ಸಾಹೇಬ. 'ಒಲ್ಲೆ' ಅಂದ ಆಕಿ ಗಂಡ. ಒಂದ ಮಾತು... ಅಷ್ಟಕ್ಕ ಸಾಹೇಬ ಬಂದೂಕು ತಿರುವಿ ಹಿಡದ. ಊರಿಗೆ ಹೇಳಿದ್ದೇನು? ಕೋಣ ತಿವದು ಸತ್ತ ಅಂತ! 'ಯಣ್ಣಾ, ಆ ಮುರಕಾ ಸುಡಬ್ಯಾಡ. ನನಗ ಅದೊಂದ ಸಾಕ್ಷಿ' ಅಂದ್ಲು ಸಂಗವ್ವ.

"ಇವರು ರಿಪೇರಿ ಒಲ್ಲೆ ಅಂದ್ರ ಇನ್ನೊಬ್ಬನ ಕಡಿ ಒಯ್ತಿದ್ರು, ಹಳೇದು ಉರಿ ಪಾಲಾಗತಿತ್ತು. ಅದಕ್ಕ ಇವರು ಹೊಸಾ ಬೀಟಿ ಕಟ್ಟಿಗಿ ಕೆತ್ತಿ ಕೂಡಿಸಿ ಕೊಟ್ರು. ಹಳೇದನ್ನ ಚೌಕಶಿ ದಿನಾ ಕಂಬಳ್ಯಾಗ ಮುಚಗೊಂಡು ಖಾನಾಪುರಕ್ಕ ಹೊಂಟ್ರು. 'ಲೈಸೆನ್ಸ್ ಹೋಗತೈತಿ' ಅಂದೆ. 'ಹೋಗ್ಲಿ. ಕುಡಗೋಲಿಗೆ ಹಿಡಿಕಿ ಹಾಕಿ ತಿಂದೇನು' ಅಂದ್ರು. ನಾನೂ ಬೆನ್ನ ಹತ್ತಿ ಹೋದೆ.

"ಕಚೇರ್ಯಾಗ ಸಾಹೇಬ ಬಂದೂಕು ಮೇಜಿನ ಮ್ಯಾಲಿಟ್ಟ. 'ಮುರದೈತೇನ? ಎಲ್ಲಿ?' ಅಂದ. ಮಾಮಲೇದಾರ ಸತ್ತವನ ಹೆಸರು ಕೇಳಿದ. ಊರವರು ಸಾಹೇಬಗ ಅಂಜಿ ತಲಿ ತಗ್ಗಿಸಿದ್ರು. ಹೆಂಡ್ತಿ ಗಂಡನ ಹೆಸರು ಹೇಳೂದುಂಟೇನ? ಮದಿವ್ಯಾಗ ಹೆಸರು ಹೇಳೂ ಒಡಪು ಹಾಕುಮುಂದ ಬಿಟ್ರ, ಸಾಯೂತನಕ ಬಾಯಾಗ ತರೂಹಂಗಿಲ್ಲ ನಾವು. ಕಾರಕೂನ 'ಹಾಕಾದವ ಒಬ್ಬ' ಅಂತ ಬರಕೊಂಡ. ಸಾಹೇಬ ನಕ್ಕ. ಆಗ ಸಂಗವ್ವ ತಲಿಮ್ಯಾಲಿನ ಸೆರಗ ತಗದ್ಲು... 'ಬರಕೋ! ಉಳವಪ್ಪ! ನನ್ನ ಗಂಡ ಉಳವಪ್ಪ!'"

ಮೂಲೆಯಲ್ಲಿ ಏನೋ ಟಕ್ಕೆಂದಿತು. ಹಂಚಿನ ಸಂದಿಯ ಹನಿಯೆಂದುಕೊಂಡು ನಾವು ಮತ್ತೆ ಮುದುಕಿಯತ್ತ ತಿರುಗಿದೆವು.

"ಯಾರೂ ಮುಟ್ಟಿದ್ದಿಲ್ಲ. ಮೇಜಿನ ಮ್ಯಾಲ ಇದ್ದಲ್ಲೇ ಹೊಸಾ ಕಟ್ಟಿಗಿ ಕೊರಳಿನ್ಯಾಗ ಬಿರೀತು. ಒಳಗಿಂದ ಗಂಡಸಿನ ದನಿ... 'ಒಲ್ಲೆ.' ಇವರು ಕಂಬಳಿ ಸರಿಸಿ ಹಳೇದನ್ನ ಬಾಜೂಕ ಇಟ್ರು. ಅದ ಗೆರಿ, ಅದ ತಿರುವು. ಮತ್ತ... ಹೊಸಾದ್ರ ಬಿರಕಿನ್ಯಾಗೂ ಕೂದಲಾ!

"ಸಾಹೇಬಗ ಶಿಕ್ಷಾ ಆತೇನ ಅಂತೀರಿ? ಅವರ ರಾಜ್ಯದಾಗ ಅವರಿಗೆ ಶಿಕ್ಷಾ ಕೊಡಾವ ಯಾವ ಹುಟ್ಟಿದ್ದ? ಬಂದೂಕು ಬಂಗಲ್ಯಾಗ ಒಗದು ಊರು ಬಿಟ್ಟ, ಅಷ್ಟ. ಇವರ ಲೈಸೆನ್ಸೂ ಹೋತು. ಆದ್ರ ಕೋಣದ ಸುಳ್ಳು ಹೊಡದ ಹಾಕಿ, ಸತ್ತವನ ಹೆಸರು ಬರೀಬೇಕಾತು ಅವರು. ಮುಂದಿನ ಬ್ಯಾಸಗ್ಯಾಗ ಹಾಕಾಕ್ಕ ಕರಿಯಾಕ ಬಂದ್ರಲ್ಲ, ಜಾಂಬೋಟಿ ಕಡಿ ಹಳ್ಳಿ ಹಳ್ಳೀನ 'ಒಲ್ಲೆ' ಅಂತು!"

ಈರಣ್ಣ ನಗಲು ನೋಡಿದ. "ಅದು ಆಗಿನ ಮಾತು ಆಯಿ. ನಾ ಹಚ್ಚಿದ್ದು ಈಗಿನ ಅಂಟು. ಕಲ್ಲಿನಂಗ ಹಿಡದೈತಿ."

"ಎಷ್ಟ ಧಣಿಗಳು ಬಂದ್ರು, ಎಷ್ಟ ಬಡಿಗ್ಯಾರು ಅಂಟು ಹಚ್ಚಿದ್ರು ಅದಕ್ಕ! ಗ್ವಾಡಿಗೆ ಶೋಭಾ ಬೇಕಂತ, ಶೋಭಾ!" ಭರಮವ್ವ ಮಳೆಗೆ ತಾಂಬೂಲ ಉಗುಳಿದಳು. "ಹೆಸರು ನಾ ಆಗಳೇ ಹೇಳೇನಿ, ತಮ್ಮಾ. ಗೋಣಿ ಬಿಚ್ಚಿ ನೋಡು."