ಹಿಂಬದಿ ಖಾಲಿಯಿದ್ದ ಹಾಳೆ

ಶಾಲೆಯೆದುರಿನ ಬಸ್ ನಿಲ್ದಾಣದಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ತನ್ನ ಚಿಕ್ಕಮ್ಮನ ಮೇಲೆ ಹರಿಹಾಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನಲ್ಲಿ ರಿಪೇರಿಯವನು ಬೀಡಿ ಹಚ್ಚುವುದನ್ನು ಮರೆತು ಕಿವಿಗೊಟ್ಟ.

"ರಫ್ ಕೆಲಸಕ್ಕೆ ಅಂತ ನೀನು ಕೆಲಸ ಮಾಡೋ ಜೆರಾಕ್ಸ್ ಅಂಗಡಿಯ ಹಾಳಾದ ಹಾಳೆ ತಂದುಕೊಟ್ಟವಳು ನೀನೇ. ಇವತ್ತು ತಿರುಗಿಸಿ ನೋಡಿದ್ರೆ ನಾಳೆಯ ಗಣಿತದ ಪ್ರಶ್ನೆಪತ್ರಿಕೆ!"

"ನೋಡಿದ ತಕ್ಷಣ ಮಡಚಿ ಇಡೋದಲ್ವೇನೇ?"

"ಮಡಚೋದ್ರೊಳಗೆ ಐದು ಲೆಕ್ಕ ಕಣ್ಣಿಗೆ ಬಿದ್ದಿತ್ತು. ಮಿಸ್ಸಿಗೆ ಹೇಳ್ತೀನಿ."

"ಬಾಯಿ ಮುಚ್ಕೊಂಡಿರೇ ತಾಯಿ. ಗೊತ್ತಾದ್ರೆ ಮಾಲೀಕ ನನ್ನ ಕೆಲಸದಿಂದ ತೆಗೆದುಹಾಕ್ತಾನೆ."

"ಹಾಗಾದ್ರೆ ನಾಳೆ ಆ ಐದು ಲೆಕ್ಕ ಬಿಟ್ಟುಬಿಡ್ತೀನಿ."

"ಫೇಲಾಗ್ತೀಯ, ಹುಚ್ಚಿ!"

"ಮಾಡಿದ್ರೆ ಕಳ್ಳಿ ಆಗ್ತೀನಿ."

ರಿಪೇರಿಯವನಿಗೆ ನಾಲಿಗೆ ತುರಿಸಿತು. ಆ ಹೆಂಗಸಿಗೆ ನಾಲ್ಕು ಮಾತು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ನಕ್ಕುಬಿಟ್ಟಳು.

"ಥೇಟ್ ನಿಮ್ಮಮ್ಮ ಕಣೇ ನೀನು. ನೋಡದೆ ತಂದವಳು ನಾನು, ಮಾರ್ಕ್ಸು ಕಳ್ಕೊಳ್ಳೋಳು ನೀನಾ? ನಡಿ, ನಿಮ್ಮ ಮಿಸ್ಸಿಗೆ ನಾನೇ ಹೇಳ್ತೀನಿ. ಬೇರೆ ಪತ್ರಿಕೆ ಮಾಡ್ಕೊಳ್ಳಲಿ."

"ಕೆಲಸ ಹೋದ್ರೆ?"

"ಮನೇಲಿದ್ದು ದಿನಾ ನಿನಗೆ ಲೆಕ್ಕ ಹೇಳಿಕೊಡ್ತೀನಿ."

"ಅಯ್ಯೋ ದೇವರೇ, ಇವಳ ಕೆಲಸ ಉಳಿಸಪ್ಪ!"

ಮನೆ ಕಡೆಯ ಬಸ್ಸು ಬಂದು ನಿಂತಿತು. ಇಬ್ಬರೂ ಅದರತ್ತ ತಿರುಗಿಯೂ ನೋಡದೆ ರಸ್ತೆಗಿಳಿದರು.

"ಬೇಗ ಹೆಜ್ಜೆ ಹಾಕೇ," ಎನ್ನುತ್ತಿದ್ದಳು ಚಿಕ್ಕಮ್ಮ, "ನನ್ನ ಧೈರ್ಯ ಗೇಟಿನ ತನಕ ಬಂದ್ರೆ ಹೆಚ್ಚು."

"ಅಲ್ಲಿಂದ ಒಳಗೆ ನಾನು ಎಳ್ಕೊಂಡು ಹೋಗ್ತೀನಿ, ಬಾ."