ಸೋಮವಾರದ ಜ್ವರ

…ಕಲ್ಲಿನ ಮಾತು ಬಿಡ್ರಿ, ಕಲ್ಲು ಎಲ್ಲಾರೂ ಎತ್ತತಾರ. ಎಲ್ಲಾರೂ ಅಂದ್ರ ಎಲ್ಲಾರೂ ಅಲ್ಲ, ಮುದ್ದೇಬಿಹಾಳದಿಂದ ಸಿಂದಗಿತನಕ ನನ್ನ ಸರೀಕ ಸಂಗ್ರಾಣಿ ಕಲ್ಲು ಎತ್ತಾವ ಆಗ ಯಾವನೂ ಇರ್ಲಿಲ್ಲ, ಅದು ಬ್ಯಾರೆ ಮಾತು. ಬೇಕಾದ್ರ ನನ್ನ ವಾರಿಗೆಯವ್ರನ್ನ ಕೇಳ್ರಿ. ಕೇಳಾಕ ಈಗ ಯಾರೂ ಉಳದಿಲ್ಲ. ನಾ ಹೇಳಾಕತ್ತಿದ್ದು ನಿಮ್ಮಪ್ಪನ್ನ ಎತ್ತಿದ್ದು. ಅವಾಗ ಅವ ಇನ್ನೂ ಅಂಬೆಗಾಲಿಡೂ ಕೂಸು, ಒಂದು ಕುಂಬಳಕಾಯಿ ತೂಕ ಇದ್ದಿಲ್ಲ. ಅಷ್ಟು ಭಾರ ನಾ ಮುಂದ ಎಂದೂ ಎತ್ತಿಲ್ಲ.

ನಿಮಗ ತಿಳಿಯೂದಿಲ್ಲ ಬಿಡ್ರಿ. ಆಗ ಹಿರ್ಯಾರ ಮುಂದ ತನ್ನ ಕೂಸನ್ನ ತಾನ ಎತಗೊಂಡ್ರ ಮರ್ಯಾದಿಗೇಡಿ ಅಂತಿದ್ರು. ಅಪ್ಪ ಕೆಮ್ಮಿಕೋತ ಹೊಸ್ತಲಕ್ಕ ಬಂದ್ರ ಸಾಕು, ಕೂಸು ಕೆಳಗಿಟ್ಟು ದೂರ ನಿಂದ್ರಬೇಕು. ನಮ್ಮಪ್ಪ ಅಂತೂ ರೀತಿ ಅಂದ್ರ ರೀತಿ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗಾ ಇಡಾಂಗಿಲ್ಲ. ಬಿತ್ತೂ ಹದ ಕೈಬಿಟ್ಟು ಹೊಂಟಿದ್ರೂ ಒಂದ್ ಸೋಮವಾರ ಹೂಡಿದಾವಲ್ಲ. ಹೂಡಿದ ಮಂದಿ ಮನ್ಯಾಗ ನೀರು ಸುದ್ದಾ ಕುಡೀತಿರ್ಲಿಲ್ಲ.

ಆ ಜ್ವರ ಬಂದದ್ದು ಮಂಗಳಾರ… ಅಲ್ಲಲ್ಲ, ಸೋಮವಾರನ, ಸೋಮವಾರ ಅನ್ನೂದ ಇದರಾಗ ಮುಖ್ಯ. ಮೊದಲ ನಿಮ್ಮ ಆಯಿಗೆ, ಅಂದ್ರ ನನ್ನ ಹೇಣ್ತಿಗೆ ಬಂತು, ಆಮ್ಯಾಲ ಕೂಸಿಗೆ. ನಮ್ಮವ್ವ ಆಗಲೇ ತೀರ್ಕೊಂಡಿದ್ಲು, ಮನ್ಯಾಗ ಮತ್ತೊಬ್ಬ ಹೆಣಮಗಳಿಲ್ಲ. ಔಷಧ ತರ್ತೇನಿ ಅಂತ ನಮ್ಮಪ್ಪ ನಾಲತವಾಡದ ಡಾಕ್ಟರ್ ಕಡೆ ಹೊಂಟ. ನಡಕೋತ ಹೋಗ್ತೇನಿ ಅಂದ, ಸೋಮವಾರ ನೋಡ್ರಿ. ಕೂಸಿನ ಮೈ ಕಾದ ಹಂಚು. ಬೆವರು ಬಿಟ್ರ ಮೈ ಹಗುರಾಕ್ಕೈತಿ ಅಂತ ನಾ ಗರಡ್ಯಾಗ ಕಲ್ತಾವ, ಕಂಬಳಿ ಸುತ್ತಿ ಕದಾ ಹಾಕಿದೆ. ಬಾಜೂಮನಿ ಖಾಜಾಬಿ ಕಾಕು ಕದಾ ತಗದು ನೋಡಿದ್ಲು. “ತಮ್ಮಾ, ಕೂಸಿನ್ನ ನೋಡ್ಕೊಳ್ಳಾಕತ್ತೀಯೋ, ಹುಳ್ಳಿ ಕುದಸಾಕತ್ತೀಯೋ?” ಕಂಬಳಿ ಕಿತ್ತು ಒಗದ್ಲು. ಒದ್ದಿ ಅರಿವಿಲೆ ಮೈ ಒರಸು ಅಂದ್ಲು, ತಾಯಿಗೆ ಜ್ವರ ಇದ್ರೂ ಹಾಲು ಬಿಡಸಬ್ಯಾಡ ಅಂದ್ಲು, ಕೂಸನ್ನ ನನ್ನ ಹೆಗಲಿಗೆ ಹಾಕಿ ಎಮ್ಮಿ ಹಿಂಡಾಕ ಹೋದ್ಲು.

ತೊಟ್ಟಲಕ್ಕ ಹಾಕಿದ್ರ ಚೀರಿ ಚೀರಿ ಮೈ ಸೆಡತಿತ್ತು, ಕಣ್ಣು ಮ್ಯಾಲ ಹೋಗತಿದ್ವು. ಹೆಗಲಿಗೆ ಹಾಕ್ಕೊಂಡ್ರ ಉಸುರು ಸಮಾ. ಅಪ್ಪ ಬರಾಕ ಇನ್ನೂ ಹೊತ್ತೈತಿ ಅಂತ ನಾ ಧೈರ್ಯದಿಂದ ಎತಗೊಂಡು ಅಡ್ಡಾಡಾಕತ್ತಿದ್ದೆ. ಹಿತ್ತಲದಾಗ ಗಾಡಿ ಗಾಲಿ ಸಪ್ಪಳ ಬಂತು. ಗೆಜ್ಜಿ ಸಪ್ಪಳ ಇಲ್ಲ, ಬರೇ ಗಾಲಿ. ಸೋಮವಾರ ಯಾವ ಬುದ್ಧಿಗೇಡಿ ಗಾಡಿ ಹೂಡಿದಾನ ಅಂದ್ಕೊಂಡೆ. ಅದರ ಹಿಂದನ ಕೆಮ್ಮು. ನಮ್ಮಪ್ಪನ ಕೆಮ್ಮು.

ಹಾಸಿಗ್ಯಾಗಿಂದ ನಿಮ್ಮ ಆಯಿ, ಕುಂದ್ರಾಕೂ ತ್ರಾಣ ಇಲ್ಲದಾಕಿ, “ಕೂಸು ಕೆಳಗಿಟ್ರ ನಾ ಏಳ್ತೇನಿ ನೋಡ್ರಿ” ಅಂದ್ಲು. ಕಲ್ಲು ಹೆಂಗ ಇಳಸೂದು ನನಗ ಗೊತ್ತಿತ್ತು. ಕೂಸು ಇಳಸಾಕ ಕೈ ಏಳಲಿಲ್ಲ. ನಿಂತೆ.

ನಮ್ಮಪ್ಪ ಹೊಸ್ತಲದಾಗ ನಿಂತ. ಒಂದು ಕೈಯಾಗ ಔಷಧದ ಬಾಟ್ಲಿ, ಒಂದು ಕೈಯಾಗ ಬಾರಕೋಲು, ಇಡೂದು ಮರತಿದ್ದ. ಅವ ನನ್ನ ಹೆಗಲ ನೋಡಿದ, ನಾ ಅವನ ಬಾರಕೋಲು ನೋಡಿದೆ. ಹಿತ್ತಲದಾಗ ಎತ್ತು ಒಂದು ಉಸುರು ಬಿಟ್ತು.

“ನಾ ಗಾಡಿ ಹೂಡಿದ್ದು ನೀ ನೋಡಿಲ್ಲ” ಅಂದ.

“ಇಲ್ಲ ಯಪ್ಪಾ.”

“ನೀ ಕೂಸು ಎತಗೊಂಡದ್ದು ನಾ ನೋಡಿಲ್ಲ. ಬಾಯಿ ತೆರಸು.”

ನಾ ಬಾಯಿ ತೆರಸಿದೆ, ಅವ ಔಷಧ ಹಾಕಿದ. ಅರ್ಧ ನನ್ನ ಅಂಗಿ ಕುಡೀತು. ಕೋಳಿ ಕೂಗೂದ್ರೊಳಗ ಕೂಸಿನ ಹಣಿ ತಣ್ಣಗಾತು. ಮುಂಜಾನೆ ನಮ್ಮಪ್ಪ ಎತ್ತುಗೋಳ ಮೈ ತೊಳದು ಖಾಜಾಬಿ ಕಾಕು ಮಾಡಿಕೊಟ್ಟ ಹೋಳಿಗಿ ತಿನಿಸಿದ. ಏನ್ ಹಬ್ಬಪಾ ಅಂತ ಮಂದಿ ಕೇಳಿದ್ರ, ಸುಮ್ನ ಅಂದ.

ರೀತಿ ಬಿಡಬ್ಯಾಡ್ರಿ. ಕೂಸಿನ ಮೈ ಸುಡಾಕತ್ತಾಗ ಅಷ್ಟ ಆ ರೀತೀನ ಎತ್ತಿನ ಜೋಡಿ ಗ್ವಾದಲ್ಯಾಗ ಕಟ್ಟಿ ಬರ್ರಿ. ಏಳ್ರಿನ್ನ, ರೊಟ್ಟಿ ಆರಾಕತ್ತಾವು.